ಕುಂಪಣಮ್ಮನ ಮುಡಿಪು

ಸಿದ್ದರಾಮೇಶನ ಗಂಟಲಲ್ಲಿ ಅರ್ಧ ರಾಯದುರ್ಗ ಬಾಡಿಗೆಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ತೆಲುಗಿನಲ್ಲಿ ಕೂಗುವ ಕಂಟ್ರೋಲರು, ಮೂಗಿನಲ್ಲೇ ಅಳತೆ ಹೇಳುವ ಕಟಿಂಗ್ ಮಾಸ್ಟರು, ಬಳ್ಳಾರಿಯಿಂದ ಜೀನ್ಸ್ ಬಟ್ಟೆಯ ಸುರುಳಿ ತರುವ ಟೆಂಪೋ ಡ್ರೈವರು, ಅವನ ಸ್ವಂತ ತಾಯಿ ದ್ರಾಕ್ಷಾಯಣಮ್ಮ, ಎಲ್ಲರೂ ಅಲ್ಲಿ ಸಂಸಾರ ಹೂಡಿದ್ದರು. ಯಾವಾಗ ಬಾಗಿಲು ತಟ್ಟಿದರೂ ಇವರಲ್ಲೊಬ್ಬರು ಬಂದು ತೆಗೆಯುತ್ತಿದ್ದರು. ಮನೆಯ ಮಾಲೀಕ ಮಾತ್ರ ಸದಾ ಹೊರಗೆ.

ಹೆಣ್ಣು ನೋಡಲು ಮಡಕಶಿರಾಕ್ಕೆ ಹೋದ ದಿನವೂ ಹಾಗೇ ಆಯಿತು. ಹುಡುಗಿ ಸ್ವಪ್ನಾಳ ಸೋದರಮಾವ, "ಏನಪ್ಪಾ, ಹುಡುಗಿ ಒಪ್ಪಿಗೇನಾ?" ಎಂದು ನೇರವಾಗಿ ಕೇಳಿಬಿಟ್ಟರು. ಸಿದ್ದರಾಮೇಶನ ಅಂಗೈ ಬೆವರಿತು. ಬಾಯಿಂದ ಬಂದದ್ದು ಕಂಟ್ರೋಲರ ದನಿ: "ಪ್ರಯಾಣಿಕುಲಕು ವಿಜ್ಞಪ್ತಿ. ರಾಯದುರ್ಗಂ ನುಂಡಿ ಮಡಕಶಿರ ವೆಳ್ಳು ಬಸ್ಸು ಸಿದ್ಧಂಗಾ ಉನ್ನದಿ." ಬಸ್ಸು ಹೊರಡಲು ಸಿದ್ಧವೆಂಬ ಪ್ರಕಟಣೆ ಕೇಳಿ ಹಿರಿಯರು ಮುಖ ಮುಖ ನೋಡಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗೆಯಿಂದ ಮದುವೆಯೂ ಕುದುರಿತು, ಚಾಳಿಯೂ ಕುದುರಿತು.

ಮದುವೆಯಾಗಿ ಎರಡನೆಯ ವರ್ಷ ನಡೆಯುತ್ತಿತ್ತು. ಅವನು ರಾಯದುರ್ಗದಲ್ಲಿ, ತಂದೆ ಸಣ್ಣಬಸಪ್ಪನ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ. ಅವಳು ಅಮರಾಪುರದ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರು. ಅವನೂ ಸೀಮೆಸುಣ್ಣದಲ್ಲಿ ಗೆರೆ ಎಳೆಯುವವನೇ, ಅವಳೂ ಅದೇ. ಆದರೆ ನಡುವೆ ಇದ್ದ ಸೀಮೆ ದೊಡ್ಡದು. ಬಸ್ಸು ಆಂಧ್ರದಲ್ಲಿ ಹತ್ತಿಸಿಕೊಂಡು, ಕರ್ನಾಟಕದಲ್ಲಿ ಉದ್ದಕ್ಕೂ ಕುಲುಕಿಸಿ, ಮತ್ತೆ ಆಂಧ್ರದಲ್ಲಿ ಇಳಿಸುತ್ತಿತ್ತು. ಅಲ್ಲಿಗೆ ಭಾನುವಾರ ಅರ್ಧ ಮುಗಿದಿರುತ್ತಿತ್ತು. ರಾಯದುರ್ಗದ ಮನೆಯಲ್ಲಿ ಕೂತು ಮಾತಾಡೋಣವೆಂದರೆ ಅಲ್ಲಿ ಜನವೂ ಮಿಷಿನ್ನುಗಳೂ ಒಟ್ಟಿಗೇ ಗದ್ದಲ ಮಾಡುತ್ತಿದ್ದವು. ಅವಳ ಬಾಡಿಗೆ ಕೋಣೆಯಲ್ಲಿ ಕೂರೋಣವೆಂದರೆ ಮನೆ ಒಡತಿ ಗೋಡೆಯಾಚೆ ಕಿವಿಯಿಟ್ಟು ಅವರೆಕಾಯಿ ಬಿಡಿಸುತ್ತಿದ್ದಳು.

ಅದಕ್ಕೇ ಅವರು ಬಯಲಿಗೆ ಬಿದ್ದರು. ರಾಯದುರ್ಗದ ಕೋಟೆ ಬೆಟ್ಟದಲ್ಲಿ ಒಮ್ಮೆ ಸೈಕಲ್ಲಿನಲ್ಲಿ ಬಂದಿದ್ದ ಅಪರಿಚಿತನೊಬ್ಬ ಬಂಡೆಯ ಸಂದಿಗೆ ಕೈಹಾಕಿ ಡಬ್ಬಿಯೊಂದನ್ನು ತೆಗೆದದ್ದನ್ನು ಕಂಡು ಸಿದ್ದರಾಮೇಶ ವಿಚಾರಿಸಿದ್ದ. ಜಿಯೋಕ್ಯಾಶಿಂಗ್ ಅಂತ ಆಟ. ಹೆಸರಲ್ಲಿ ಕ್ಯಾಶ್ ಇದ್ದರೂ ಅದರಲ್ಲಿ ಬಿಡಿಗಾಸಿಲ್ಲ. ಒಬ್ಬರು ಎಲ್ಲೋ ಡಬ್ಬಿ ಬಚ್ಚಿಟ್ಟು, ಆ ಜಾಗದ ಗುರುತನ್ನು ಫೋನಿನಲ್ಲಿ ಹಾಕುತ್ತಾರೆ. ಇನ್ನೊಬ್ಬರು ಫೋನು ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿನದೊಂದು ತೆಗೆದುಕೊಂಡು, ತಮ್ಮದೊಂದು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುವುದು. ಗಂಡಹೆಂಡತಿ ಭೈರವಾನಿತಿಪ್ಪದ ಅಣೆಕಟ್ಟೆಯ ಬಳಿ ಹುಡುಕಿದರು, ಹಾಳು ಮಂಟಪಗಳಲ್ಲಿ ಹುಡುಕಿದರು, ಡಬ್ಬಿ ಸಿಗದ ದಿನ ಕಡಲೆಕಾಯಿ ತಿಂದು ಬಂದರು. ನವಗ್ರಹಗಳು ಕೂಡಿಸಿದ ಸಂಸಾರವನ್ನು ಉಪಗ್ರಹಗಳು ಸಾಕುತ್ತಿದ್ದವು.

ಹೀಗಿರುವಾಗ ದ್ರಾಕ್ಷಾಯಣಮ್ಮ ತನ್ನದೇ ಹುಡುಕಾಟ ನಡೆಸಿ ಚಂದ್ರಕಲಾ ಎಂಬ ಟೀಚರನ್ನು ಪತ್ತೆಹಚ್ಚಿದಳು. ಚಂದ್ರಕಲಾ ರಾಯದುರ್ಗಕ್ಕೆ ಹತ್ತಿರದ ಡಿ. ಹಿರೇಹಾಳಿನಲ್ಲಿದ್ದಳು, ತವರು ಮಡಕಶಿರಾದ ಕಡೆ. ಅವಳು ಸ್ವಪ್ನಾಳ ಶಾಲೆಗೆ, ಸ್ವಪ್ನಾ ಹಿರೇಹಾಳಿಗೆ, ಪರಸ್ಪರ ಒಪ್ಪಿದರೆ ಬದಲಿ ಆಗಿಬಿಡುತ್ತಿತ್ತು. "ಇನ್ನೊಬ್ಬ ಟೀಚರೂ ಕೇಳ್ತಾ ಇದಾರೆ ಸ್ವಪ್ನಾ. ಭಾನುವಾರ ಸಾಯಂಕಾಲದ ಒಳಗೆ ಒಂದು ಮಾತು ಹೇಳಿಬಿಡು" ಎಂದಿದ್ದಳು ಚಂದ್ರಕಲಾ.

ಸ್ವಪ್ನಾ ಫೋನಿನಲ್ಲಿ ಗಂಡನನ್ನು ಕೇಳಿದ್ದಳು. "ನೀವೇನಂತೀರಿ?"

ಅವನಿಗೆ ಉತ್ತರ ಗೊತ್ತಿತ್ತು. ಬಂದದ್ದು ಮಾತ್ರ ತಾಯಿಯ ದನಿ. "ಸೊಸಿ ಅಂದ್ರ ಮನ್ಯಾಗ ಇರಬೇಕವ್ವಾ. ಫೋನಿನ್ಯಾಗ ಇದ್ರ ಅದು ಸೊಸಿ ಅಲ್ಲ, ಸಿಮ್ಮು."

ಸ್ವಪ್ನಾ ಅರ್ಧ ನಕ್ಕಳು. "ಅದು ಅತ್ತೆ ಮಾತಾಯ್ತು. ನಿಮ್ಮ ಮಾತು ಯಾವತ್ತು ಬರ್ತದೆ?"

ಬರುತ್ತಿತ್ತು, ಆದರೆ ಬಾಯಿಂದಲ್ಲ. ಆ ಎರಡು ಕೋಣೆಯ ಶಾಲೆಯೆಂದರೆ ಅವಳಿಗೆ ಎಷ್ಟೆಂಬುದು ಅವನಿಗೆ ತಿಳಿದಿತ್ತು. ಅಲ್ಲಿನ ಒಂದೊಂದು ಮಗುವಿನ ತೊದಲನ್ನೂ ಅವಳಿಂದ ಕೇಳಿಯೇ ಅವನು ಅನುಕರಿಸಬಲ್ಲವನಾಗಿದ್ದ. ಹಾಗಾಗಿ ಅವಳು ಬರುವ ಬದಲು ತಾನೇ ಹೋಗಿ ಅಮರಾಪುರದಲ್ಲಿ ನಾಲ್ಕು ಮಿಷಿನ್ನು ಹಾಕುವುದೆಂದು ನಿರ್ಧರಿಸಿದ್ದ. ತಂದೆಗೆ ಹೇಳಿದ್ದ, ಸಣ್ಣಬಸಪ್ಪ ಯಾವುದಕ್ಕೂ ತಲೆಯಾಡಿಸುವ ಮನುಷ್ಯ, ಇದಕ್ಕೂ ಆಡಿಸಿದ. ತಾಯಿಗೆ ಹೇಳಿರಲಿಲ್ಲ. ಅಮರಾಪುರದಲ್ಲಿ ಮನೆಯೊಂದನ್ನು ಹಿಡಿದು, ಬೀಗದ ಕೈಯನ್ನೂ ಪಡೆದಿದ್ದ.

ಹೆಂಡತಿಗೆ ಹೇಳುವುದು ಅದಕ್ಕಿಂತ ದೊಡ್ಡ ಬೆಟ್ಟ. ಭಾನುವಾರದ ಗಂಡ ಸಿಹಿ ಇರಬಹುದು, ಹಬ್ಬದ ಹೋಳಿಗೆ ಹಾಗೆ. ದಿನಾ ತಟ್ಟೆಗೆ ಬಿದ್ದರೆ? "ಹೌದಾ?" ಎಂದು ನಗುವ ಮುಂಚೆ ಅವಳ ಮುಖ ಅರೆಕ್ಷಣ ಬಾಡಿದರೆ? ಬೇರೆಯವರ ಮುಖ ಓದಿ ಓದಿಯೇ ಮಿಮಿಕ್ರಿ ಕಲಿತವನಿಗೆ ಆ ಅರೆಕ್ಷಣ ಕಣ್ಣು ತಪ್ಪುವಂಥದ್ದಲ್ಲ. ಕಂಡರೆ ಮರೆಯುವಂಥದ್ದೂ ಅಲ್ಲ. ಆದ್ದರಿಂದ ಬೀಗದ ಕೈಯನ್ನು ಡಬ್ಬಿಯಲ್ಲಿಟ್ಟು, ಜೀನ್ಸ್ ಚೂರಿನಲ್ಲಿ ಸುತ್ತಿ, ಒಂದು ದಿನ ಒಬ್ಬನೇ ಬಂದು ಅಮರಾಪುರದಾಚೆ ಗಡಿಗುಡ್ಡದ ಮೇಲೆ ಬಚ್ಚಿಟ್ಟು ಹೋಗಿದ್ದ. ಅವಳು ಹುಡುಕಿ ತೆಗೆಯಲಿ. ತಾನು ಬೆನ್ನು ತಿರುಗಿಸಿ ನಿಂತಿರುವುದು. ಮಾತೂ ಬೇಡ, ಮುಖವೂ ಬೇಡ.

ಆ ಭಾನುವಾರ ಬಂತು.

ಗುಡ್ಡದ ಕೆಳಗೆ ಬೈಕು ನಿಲ್ಲಿಸಿ ಇಬ್ಬರೂ ಹತ್ತತೊಡಗಿದರು. ಸ್ವಪ್ನಾ ಎಂದಿನಂತಿರಲಿಲ್ಲ. ಅವನು ಫೋನಿನೊಳಗಿನ ದಾರಿ ಹೇಳುವ ಹೆಂಗಸಿನ ದನಿ ತೆಗೆದು, "ಮುಂದಿನ ಜಾಲಿ ಮರದ ನಂತರ ಎಡಕ್ಕೆ ತಿರುಗಿ. ಮುಳ್ಳು ಚುಚ್ಚಿದಲ್ಲಿ ಕಿರುಚಿ" ಎಂದ. ಅವಳು ತಿರುಗಲಿಲ್ಲ, ಕಿರುಚಲೂ ಇಲ್ಲ.

"ಚಂದ್ರಕಲಾಗೆ ಸಾಯಂಕಾಲ ಹೂಂ ಅಂತ ಹೇಳ್ಬಿಡೋಣ ಅನ್ಕೊಂಡಿದೀನಿ," ಎಂದಳು ನಡೆಯುತ್ತಲೇ. "ಎಲ್ಲಾರಿಗೂ ಅದೇ ಬೇಕಲ್ವಾ?"

"ಮೊದಲು ಡಬ್ಬಿ ಸಿಗಲಿ ಮೇಡಮ್ಮೋರೆ," ಎಂದಷ್ಟೇ ಹೇಳಿದ. ಇನ್ನೇನು, ಡಬ್ಬಿ ಮಾತಾಡುತ್ತದೆ.

ಗುಡ್ಡದ ನೆತ್ತಿಯ ಮೇಲೆ ಕಲ್ಲು ನಿಂತಿತ್ತು. ಬ್ರಿಟಿಷರ ಕಾಲದ ಗಡಿಕಲ್ಲು, ಎದೆಯೆತ್ತರ, ಕಲ್ಲುಕಟ್ಟೆಯ ಮೇಲೆ ನೆಟ್ಟದ್ದು. ಈ ಕಡೆ ಕುಂಪಣಿಯ ಮದ್ರಾಸು, ಆ ಕಡೆ ಮಹಾರಾಜರ ಮೈಸೂರು. ಕೆತ್ತಿದವನು ಎರಡು ಬದಿಗೂ ಆಯಾ ಸೀಮೆಯ ಮೊದಲ ಇಂಗ್ಲಿಷ್ ಅಕ್ಷರ ಕೆತ್ತಿ ಕೈತೊಳೆದುಕೊಂಡಿದ್ದ: ಈ ಕಡೆ ಎಂ, ಆ ಕಡೆಯೂ ಎಂ.

"ವೆಲ್!" ಎಂದು ಸಿದ್ದರಾಮೇಶ ಬ್ರಿಟಿಷ್ ದೊರೆಯಂತೆ ಹೊಟ್ಟೆ ಮುಂದೆ ಮಾಡಿದ. "ಯಿದು ಎಂ, ಅದೂ ಎಂ. ಗಡಿ ಮಾಡೋಕೆ ಬಂದು ಗಡಿಬಿಡಿ ಮಾಡಿ ಹೋಗ್ತಾನೆ ನಾವು!"

ಸ್ವಪ್ನಾ ಈ ಸಲ ನಕ್ಕಳು. ನಗುತ್ತಲೇ ಫೋನು ನೋಡಿಕೊಂಡು ಕಟ್ಟೆಯ ಸುತ್ತ ಬಂದಳು, ಬಗ್ಗಿದಳು, ಸಂದಿಗೆ ಕೈಹಾಕಿದಳು. ಸಿದ್ದರಾಮೇಶ ಯೋಜನೆಯ ಪ್ರಕಾರ ಬೆನ್ನು ತಿರುಗಿಸಿ ಮೈಸೂರು ಸೀಮೆಯ ಮೋಡ ಎಣಿಸತೊಡಗಿದ.

"ಇಲ್ಲೇನೂ ಇಲ್ಲ."

"ಸರಿಯಾಗಿ ನೋಡ್ರಿ."

"ಕೈ ಮೊಳಕೈಗಂಟ ಹಾಕಿದೀನಿ ಕಣ್ರೀ. ಒಂದು ಹಲ್ಲಿ ಐತೆ. ಬೇಕಾ?"

ಅವನು ಓಡಿಬಂದು ತಾನೇ ಬಗ್ಗಿ ನೋಡಿದ. ಹಲ್ಲಿ ಮಾತ್ರ ಇತ್ತು. ತಲೆಯೆತ್ತಿದಾಗ ಕಲ್ಲಿನ ಬುಡದಲ್ಲಿ, ಕುಂಕುಮ ಬಳಿದ ಎಂ ಅಕ್ಷರದ ಕೆಳಗೆ, ಅರಿಸಿನದ ಬಟ್ಟೆಯ ಗಂಟೊಂದು ಕಂಡಿತು. ಮೇಲೆ ಕಣಗಿಲೆ ಹೂ. ಪಕ್ಕದಲ್ಲಿ ಎಣ್ಣೆ ಆರಿದ ಹಣತೆ. ಗಂಟಿನ ಮೂಲೆಯಲ್ಲಿ ಅವನದೇ ಕಾರ್ಖಾನೆಯ ನೀಲಿ ಜೀನ್ಸಿನ ಅಂಚು ನಾಲಿಗೆ ಚಾಚಿತ್ತು.

ಕೈ ಚಾಚಿದ. ಹಿಂದಿನಿಂದ ಒಂದು ಕೋಲು ಬಂದು ಅವನ ಮಣಿಕಟ್ಟಿನ ಮೇಲೆ ಹಗುರವಾಗಿ ಕೂತಿತು.

"ಮುಟ್‌ಬ್ಯಾಡ."

ಕುರಿ ಕಾಯುವ ಮುದುಕಿ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ರೊಟ್ಟಿಯ ಗಂಟು, ಹಿಂದೆ ಒಂದಿಷ್ಟು ಕುರಿ, ಅವುಗಳ ಮುಂದೆ ಕೊಂಬು ತಿರುಚಿದ ಟಗರು. ಹೆಸರು ಪಾಲಮ್ಮ ಎಂದು ಆಮೇಲೆ ತಿಳಿಯಿತು.

"ಅಜ್ಜಿ, ಅದು ನಂದ್ರಿ. ಒಳಗ ಡಬ್ಬಿ ಐತಿ. ನಾನ ಇಟ್ಟಿದ್ದೆ."

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಅವನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದಳು. "ಓ... ನೀನೇನಾ ಮಗಾ ಅದು! ಅವತ್ನಿಂದ ಕಾಯ್ತಾ ಇವ್ನಿ. ಈ ಟಗರು ಸಂದೀಗೆ ಕೊಂಬಾಕಿ ಎಳೀತು. ನೋಡಿದ್ರೆ ಮುಡಿಪು! ಅರಿಸಿನ ಇಲ್ಲ, ದಾರ ಇಲ್ಲ, ಚಡ್ಡಿ ಬಟ್ಟೇಲಿ ಸುತ್ತಿ ಬಿಸಾಕವ್ರೆ. ಈಗಿನ ಹುಡುಗ್ರಿಗೆ ಹರಕೆ ಕಟ್ಟಾಕೂ ಬರಾಕಿಲ್ಲ ಅನ್ಕಂಡು, ನಂದೇ ಸೀರೆ ಸೆರಗು ಹರ್ದು, ಅರಿಸಿನ ಅಚ್ಚಿ ಕಟ್ಟಿಕ್ಕಿವ್ನಿ. ಸುಕ್ರವಾರ ಸುಕ್ರವಾರ ದೀಪ."

"ಚಡ್ಡಿ ಬಟ್ಟಿ ಅಲ್ರಿ, ಜೀನ್ಸು," ಎಂದ ಸಿದ್ದರಾಮೇಶ, ಕಸುಬಿನ ಮಾನ ಉಳಿಸಿಕೊಳ್ಳಲು.

"ಅದ್ಯಾರೋ ಏನೋ, ಕಷ್ಟ ಭಾರಿ ಇರ್ಬೇಕು, ಹೆಸ್ರೂ ಯೋಳ್ದಂಗೆ ಓಗವ್ರೆ ಅಂತ ನಾನೂ ದಿನಾ ಒಂದು ಮಾತು ಬೇಡ್ಕೊಂತಿದ್ದೆ. ತಾಯೀ, ಆ ಮಗೀಗೆ ನಡ್ಸಿಕೊಡವ್ವ ಅಂತ."

ಸಿದ್ದರಾಮೇಶ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಗೊತ್ತಿಲ್ಲದ ಒಬ್ಬಳು ಗುಡ್ಡದ ಮೇಲೆ ನಿಂತು ತನಗಾಗಿ ಬೇಡಿಕೊಂಡಿದ್ದಾಳೆ. ಗಂಟಲಲ್ಲಿದ್ದ ಬಾಡಿಗೆದಾರರೆಲ್ಲ ಕ್ಷಣ ಸುಮ್ಮನಾದರು.

"ಹರಕೆ ತೀರ್ತಾ?" ಎಂದಳು ಪಾಲಮ್ಮ.

"ಅದು ಹರಕಿ ಅಲ್ರಿ. ಆಟ." ಫೋನು ತೋರಿಸಿದ. "ನೋಡ್ರಿ, ಇಲ್ಲಿ ಚುಕ್ಕಿ ಐತಿ. ಈ ಚುಕ್ಕಿ ಹಿಡದು ಹುಡುಕೋದು."

ಪಾಲಮ್ಮ ಚುಕ್ಕಿಯನ್ನು ನೋಡಿದಳು. "ಆಟಕ್ಕೆ ಯಾರಾದ್ರೂ ಒಬ್ನೇ ಗುಡ್ಡ ಅತ್ತಿ ಬಂದು, ಬಚ್ಚಿಕ್ಕಿ ಓಗ್ತಾರಾ? ತೀರಿದ್ರೆ ಬಿಚ್ಕೋ. ತೀರಿಲ್ದಿದ್ರೆ ಬಿಚ್ಚಂಗಿಲ್ಲ. ಇದು ಕುಂಪಣಮ್ಮನ ತಾವು. ಈ ಕಲ್ಲೇ ಅಮ್ಮ."

"ಯಾಕೆ ಬಿಚ್ಚಂಗಿಲ್ಲ ಅಜ್ಜಿ?" ಎಂದು ಕೇಳಿದವಳು ಸ್ವಪ್ನಾ. ಅವಳ ಕಣ್ಣು ಮುದುಕಿಯ ಮೇಲಿರದೆ ಗಂಡನ ಮೇಲಿತ್ತು.

ಪಾಲಮ್ಮ ಕಟ್ಟೆಯ ಮೇಲೆ ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ ಸ್ವಪ್ನಾಳನ್ನೂ ಕೂರಿಸಿದಳು. "ಕುಂಪಣಿ ಕಾಲ್ದಾಗೆ ಇಲ್ಲಿ ಸುಂಕದ ಚೌಕಿ ಇತ್ತಂತೆ ಕಣವ್ವ. ಮೈಸೂರ್ ಸೀಮೆ ಸವಳುಪ್ಪು ಈ ಕಡೀಕೆ ತರಂಗಿರ್ಲಿಲ್ಲ, ಕುಂಪಣಿ ಉಪ್ಪೇ ಕೊಳ್ಬೇಕು. ತಂದ್ರೆ ಇಡ್ದು ಕಟ್ಟಾಕೋರು. ನಮ್ ಅಜ್ಜೀರ ಅಜ್ಜೀರು ಏನ್ ಮಾಡೋರು? ಉಪ್ನ ಅರಿಸಿನದ ಬಟ್ಟೇಲಿ ಕಟ್ಟಿ, ತಲೆ ಮ್ಯಾಲಿಕ್ಕಂಡು, ಮುಡಿಪು ಸ್ವಾಮೀ ಅನ್ನೋರು. ಚೌಕಿ ಜವಾನ ಎಲ್ಲಿಯೋನು? ನಮ್ ಕಡೆಯೋನೇ. ದೊರೆಗೂ ಎದರ್‍ತಾನೆ, ದೇವ್ರಿಗೂ ಎದರ್‍ತಾನೆ. ಇನ್ನೊಬ್ರ ಮುಡಿಪು ಬಿಚ್ಚಿ ಪಾಪ ಕಟ್ಕಂತಾನಾ? ಇಲ್ಲ. ಇವ್ರು ಈ ಕಲ್ತಾವ ಇಕ್ಕಿ, ಒಂದ್ ಸುಳ್ಳು ಹರಕೆ ಯೋಳಿ, ಅಡ್ಡಬಿದ್ದು ಎತ್ಕಂಡು ಓಗೋರು."

"ಹಂಗಾದ್ರ ದೇವರ ಇರಲಿಲ್ಲ. ಬರೀ ಕಲ್ಲು," ಎಂದ ಸಿದ್ದರಾಮೇಶ.

"ಆಗ ಬರೀ ಕಲ್ಲೇ. ಅಷ್ಟು ಜನದ ಅಷ್ಟು ಸುಳ್ಳು ಕೇಳಿಸ್ಕಂಡು, ಒಬ್ರನ್ನೂ ಇಡ್ಕೊಡ್ದೆ ಸುಮ್ಕಿದ್ಲಲ್ಲ, ದೇವ್ರಲ್ದೆ ಇನ್ನೇನು?" ಪಾಲಮ್ಮ ಕಲ್ಲನ್ನು ನೆರೆಮನೆಯವಳನ್ನು ತಟ್ಟುವಂತೆ ತಟ್ಟಿದಳು. "ಅವತ್ನಿಂದ ಇಲ್ಲಿ ಬ್ಯಾರೇರ ಮುಡಿಪು ಯಾರೂ ಬಿಚ್ಚಾಕಿಲ್ಲ. ಕಟ್ಟಿದೋರೂ ತೀರೋಗಂಟ ಬಿಚ್ಚಾಕಿಲ್ಲ."

ಸಿದ್ದರಾಮೇಶ ಇನ್ನೊಂದು ದಾರಿ ಹಿಡಿದ. "ಅಜ್ಜಿ, ಸರಿ, ಹರಕೀನ ಅನ್ನೋಣ. ಆದ್ರ ಈಕಿ ಅದನ್ನ ಬಿಚ್ಚಿ ನೋಡಿದ್ರ ಮಾತ್ರ ತೀರತೈತಿ."

"ತೀರಿದ್ರೆ ಬಿಚ್ಚೋದು."

"ಬಿಚ್ಚಿದ್ರ ತೀರೋದ್ರಿ."

"ತೀರಿದ್ರೆ ಬಿಚ್ಚೋದು ಮಗಾ."

ಟಗರು ಒಮ್ಮೆ ಅವನನ್ನೂ ಒಮ್ಮೆ ಮುದುಕಿಯನ್ನೂ ನೋಡಿತು. ಕಾಲಕಾಲದಿಂದ ಎರಡು ಸರಕಾರಗಳನ್ನು ನೋಡಿದ ಗುಡ್ಡದ ಮೇಲೆ ಇನ್ನೊಂದು ಗಡಿ ವ್ಯಾಜ್ಯ ಹುಟ್ಟಿಕೊಂಡಿತ್ತು.

ಸ್ವಪ್ನಾ ಎದ್ದುಬಂದು ಅವನೆದುರು ನಿಂತಳು. ಮೆಲ್ಲಗೆ ಕೇಳಿದಳು. "ನೀವು ಇಟ್ಟಿದ್ದಾ? ನಂಗಾ?"

ಅವನು ತಲೆಯಾಡಿಸಿದ, ಸಣ್ಣಬಸಪ್ಪನ ಮಗನಂತೆ.

"ಏನು ಹರಕೆ?"

ಅವನು ಬಾಯಿ ತೆರೆದ. "ಪ್ರಯಾಣಿಕುಲಕು ವಿಜ್ಞಪ್ತಿ..."

"ಇವ್ನ್ಯಾರು?" ಎಂದಳು ಪಾಲಮ್ಮ ಬೆಚ್ಚಿ.

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮೂಗಿನಿಂದ ಕಟಿಂಗ್ ಮಾಸ್ಟರು ಹೊರಬಂದರು: "ಏನಿಲ್ರಿ, ಸೊಂಟ ಮೂವತ್ತೆರಡು, ಉದ್ದ..."

"ಈಗ ಇನ್ನೊಬ್ನು ಬಂದ!" ಮುದುಕಿ ಕೋಲೂರಿ ಎದ್ದೇಬಿಟ್ಟಳು. "ಮೈಮ್ಯಾಲೆ ಏನಾರ ಬತ್ತದೇನವ್ವ ಇವ್ನಿಗೆ? ಯಾರ್ಯಾರೋ ಮಾತಾಡ್ತಾವ್ರಲ್ಲ. ಲೇ ಮಗಾ, ಇವ್ರನ್ನೆಲ್ಲಾ ಆ ಕಡೀಕೆ ಕಳ್ಸು. ಹರಕೆ ಒತ್ತೋನ್ನ ಕರಿ. ಅವ್ನು ಯೋಳ್ಲಿ."

ಸ್ವಪ್ನಾ ನಗುತ್ತಾಳೆಂದುಕೊಂಡ. ನಗಲಿಲ್ಲ. ಅವಳ ಕಣ್ಣಲ್ಲಿ ಇದ್ದದ್ದನ್ನು ನೋಡಿ ಅವನಿಗೆ ಹೊಳೆಯಿತು: ಇವಳೂ ಆ ಮನುಷ್ಯನಿಗಾಗಿಯೇ ಕಾಯುತ್ತಿದ್ದಾಳೆ. ಮದುವೆಯಾದಾಗಿನಿಂದ. ಬಾಗಿಲು ತಟ್ಟಿ ತಟ್ಟಿ, ಬೇರೆ ಬೇರೆಯವರು ತೆಗೆದಾಗ ಸೌಜನ್ಯಕ್ಕೆ ನಕ್ಕು, ಮತ್ತೆ ತಟ್ಟಿ.

"ನಾ..." ಎಂದ. ದನಿ ಒಡೆಯಿತು. ಬಳಸದೆ ಬಿಟ್ಟ ಬಾವಿಯ ಗಡಗಡೆಯಂಥ ದನಿ. ಸಣ್ಣದು, ಸ್ವಲ್ಪ ಒರಟು. ಯಾರದ್ದೂ ಅಲ್ಲದ್ದು. "ನಾ ಅಮರಾಪುರಕ್ಕ ಬರ್ತೀನಿ. ಇರಾಕ. ನೀ ಸಾಲಿ ಬಿಡಬ್ಯಾಡ. ನಾ ಅಲ್ಲಿ ನಾಲ್ಕು ಮಿಷಿನ್ನು ಹಾಕ್ತೀನಿ. ಮನಿ ಹಿಡದೀನಿ. ನಿನಗ... ನಿನಗ ನಾ ದಿನಾ ಇದ್ರ ನಡೀತೈತೇನು?"

ಸ್ವಪ್ನಾ ಸರಕ್ಕನೆ ಕಲ್ಲಿನ ಕಡೆ ತಿರುಗಿಬಿಟ್ಟಳು.

ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮುಖದ ಗೆರೆಗೆರೆಯನ್ನೂ ಓದಬಲ್ಲವನಿಗೆ ಬೆನ್ನು ಓದಲು ಬರಲಿಲ್ಲ. ಜಡೆ, ಜಡೆಯ ರಬ್ಬರು, ರವಿಕೆಯ ಮೇಲೆ ಬೈಕಿನ ಧೂಳು. ಆ ಅರೆಕ್ಷಣ ಬಂದು ಹೋಯಿತೋ, ಇನ್ನೂ ನಡೆಯುತ್ತಿದೆಯೋ ತಿಳಿಯುವಂತಿರಲಿಲ್ಲ. ಗುಡ್ಡದ ಕೆಳಗೆಲ್ಲೋ ಟ್ರಾಕ್ಟರೊಂದು ಏರಿ ಹತ್ತಲು ಒದ್ದಾಡುತ್ತಿತ್ತು.

"ಸೋಮವಾರಾನೂ ಇರ್ತೀರಾ?" ಎಂದಿತು ಬೆನ್ನು.

"ಸೋಮವಾರಾನೂ."

"ಬುಧವಾರ?"

"ಹೂಂ."

"ಬುಧವಾರ ನಾನು ಸಿಡುಕಿ. ಮಧ್ಯಾಹ್ನದ ಊಟದ ಅಕ್ಕಿ ಬರೋದು ಅವತ್ತೇ, ತಲೆ ಕೆಟ್ಟಿರ್ತದೆ. ಶುಕ್ರವಾರ ಅಡಿಗೇನೇ ಮಾಡಲ್ಲ, ಅವಲಕ್ಕಿ ತಿಂದು ಮಲಗ್ತೀನಿ. ಗೊತ್ತಾ ನಿಮಗೆ?" ಅವಳು ತಿರುಗಿದಳು. ಕಣ್ಣು ಒದ್ದೆಯಾಗಿತ್ತು. ಮೂಗೂ. "ಶನಿವಾರ ಪೂರ್ತಿ ತಯಾರಿ ಮಾಡ್ಕೊಂಡು ಭಾನುವಾರ ಒಂದಿನ ನಾನು ಚೆನ್ನಾಗಿರ್ತೀನಿ ಕಣ್ರೀ. ರಾಯದುರ್ಗಕ್ಕೆ ಬಂದ್ರೆ ಅದೆಲ್ಲ ಗೊತ್ತಾಗ್ಬಿಡುತ್ತಲ್ಲ ಅಂತಾನೇ ನನಗೆ ಹೆದ್ರಿಕೆ. ಶಾಲೆ ಒಂದೇ ಅಲ್ಲ."

ಸಿದ್ದರಾಮೇಶ ಅವಳನ್ನೇ ನೋಡಿದ. ಇಷ್ಟು ದಿನ ತಾನೊಬ್ಬನೇ ಬಚ್ಚಿಡುವವನೆಂದುಕೊಂಡಿದ್ದ.

"ಅವಲಕ್ಕಿ ನನಗೂ ಸೇರತೈತಿ," ಎಂದ.

"ಊರೋರು ಮನೆ ಅಳಿಯ ಅಂತಾರೆ."

"ಅತ್ತಿ ಮನ್ಯಾಗ ಇದ್ರ ಮನಿ ಅಳಿಯ. ನಾ ಬಾಡಿಗಿ ಕಟ್ತೀನಿ, ಬಾಡಿಗಿ ಅಳಿಯ."

ಅವಳು ಮೂಗು ಒರೆಸಿಕೊಳ್ಳುತ್ತ ನಕ್ಕಳು. ಈ ಮಾತನ್ನೂ ಅವನು ಅದೇ ಒರಟು ದನಿಯಲ್ಲೇ ಆಡಿದ್ದ, ಅದು ಅವನಿಗೆ ಆಮೇಲೆ ಗೊತ್ತಾಯಿತು.

ಪಾಲಮ್ಮ ಕುರಿಗಳನ್ನು ನೋಡುವ ನೆಪದಲ್ಲಿ ಅಷ್ಟು ಹೊತ್ತು ಆ ಕಡೆ ಮುಖ ಮಾಡಿದ್ದಳು. ಈಗ ತಿರುಗಿ ಕೇಳಿದಳು. "ತೀರ್ತಾ?"

"ತೀರ್ತು ಅಜ್ಜಿ," ಎಂದಳು ಸ್ವಪ್ನಾ.

"ಅಂಗಾದ್ರೆ ಬಿಚ್ಚವ್ವ. ನೀನೇ ಬಿಚ್ಚು. ಒಳಗಿಂದು ತಗಂಡು ನಿಮ್ದೊಂದು ಇಕ್ಕಿ. ಅಮ್ಮನ ತಾವು ಬರಿದು ಮಾಡ್ಬಾರ್ದು."

ಆಟದ ಕಾಯಿದೆಯೂ ಇದೇ ಎಂದು ಹೇಳಲು ಸಿದ್ದರಾಮೇಶನ ನಾಲಿಗೆ ತುರಿಸಿತು. ಸ್ವಪ್ನಾ ಮುದುಕಿಯ ಸೀರೆಯ ಚೂರನ್ನು ಹರಿಯದಂತೆ ಬಿಚ್ಚಿ ಮಡಿಸಿಟ್ಟಳು, ಜೀನ್ಸ್ ಬಿಚ್ಚಿದಳು, ಡಬ್ಬಿ ತೆರೆದಳು. ಬೀಗದ ಕೈಯನ್ನು ಎತ್ತಿ ಹಿಡಿದು, ಅದಕ್ಕೆ ಕಟ್ಟಿದ್ದ ಹಿತ್ತಾಳೆಯ ಬಿಲ್ಲೆಯ ಮೇಲೆ ಮನೆ ಮಾಲೀಕರ ಹೆಸರು ನೋಡಿ ಹುಬ್ಬು ಗಂಟಿಕ್ಕಿದಳು.

"ಇದು ಕಡ್ಲೆಕಾಯಿ ಮಿಲ್ಲಿನ ಪಕ್ಕದ ಮನೆ ಅಲ್ವಾ?"

"ಹೂಂ. ಗಾಳಿ ಬೆಳಕು ಚೆನ್ನಾಗೈತಿ."

"ಮಿಲ್ಲು ಓಡೋವಾಗ ನೋಡಿದ್ರಾ?"

"ನಾ ನೋಡಿದಾಗ ಭಾನುವಾರ. ಬಂದ್ ಇತ್ತು."

"ಅಯ್ಯೋ ದೇವ್ರೇ!" ಅವಳು ಕಟ್ಟೆಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ವಾರವೆಲ್ಲ ಗೋಡೆ ನಡುಗುತ್ತೆ ಕಣ್ರೀ! ಊರಲ್ಲಿ ಯಾರೂ ಹಿಡಿಯದ ಮನೆ! ಅಲ್ಲಿ ಮಾತಾಡಿದ್ರೆ ಪಕ್ಕದಲ್ಲಿ ಕೂತೋರಿಗೂ ಕೇಳ್ಸಲ್ಲ!"

"ಹಂಗಾದ್ರ ಜೋರಾಗಿ ಹೇಳ್ತೀನಿ," ಎಂದ.

ಪಾಲಮ್ಮ ತನ್ನ ರೊಟ್ಟಿಯ ಗಂಟಿನಿಂದ ಚಿಟಿಕೆ ಉಪ್ಪು ತೆಗೆದು ಇಬ್ಬರ ಕೈಗೂ ಹಾಕಿ, ಕಲ್ಲಿನ ಬುಡಕ್ಕೆ ಇಡಿಸಿದಳು. ಸ್ವಪ್ನಾ ತನ್ನ ಚೀಲ ತಡಕಿ, ಸಿಕ್ಕ ಒಂದು ಹೇರ್‌ಪಿನ್ನನ್ನು ಡಬ್ಬಿಯಲ್ಲಿಟ್ಟು ಸಂದಿಗೆ ಸೇರಿಸಿದಳು. ಟಗರಿಗೆ ಕೈಯೆತ್ತಿ ಎಚ್ಚರಿಕೆ ಕೊಟ್ಟಳು.

ಈಗ ಚಂದ್ರಕಲಾ. ಸಿಗ್ನಲ್ಲು ಕಲ್ಲಿನ ಆಚೆ ಬದಿಯಲ್ಲಿ ಮಾತ್ರ ಸಿಗುತ್ತಿತ್ತು. ಸ್ವಪ್ನಾ ಕರ್ನಾಟಕಕ್ಕೆ ಹೋಗಿ ನಿಂತು ಫೋನು ಮಾಡಿದಳು. "ಇಲ್ಲಕ್ಕ, ನನಗೆ ಬದಲಿ ಬೇಡ. ಇಲ್ಲೇ ಇರ್ತೀನಿ... ಹೂಂ ಅಕ್ಕ... ಬೇಜಾರು ಮಾಡ್ಕೋಬೇಡಿ." ಚಂದ್ರಕಲಾ ಏನೋ ಅಂದಿರಬೇಕು, ಸ್ವಪ್ನಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮರಳಿ ಬಂದಾಗ ಮುಖ ಸಪ್ಪಗಿತ್ತು. "ಪಾಪ, ಊರಿಗೆ ಬರ್ತೀನಿ ಅಂತ ಅವ್ರ ತಾಯಿಗೆ ಆಗ್ಲೇ ಹೇಳ್ಬಿಟ್ಟಿದ್ರಂತೆ. ಇನ್ನೊಬ್ರು ಕೇಳ್ತಿದಾರೆ ಅಂದಿದ್ದು ಸುಳ್ಳಂತೆ ಕಣ್ರೀ. ನಾನು ಬೇಗ ಒಪ್ಕೊಳ್ಲಿ ಅಂತ."

ಯಾರ ಹರಕೆ ಎಲ್ಲಿ ತೀರುತ್ತದೋ, ಎಲ್ಲಿ ಸಿಕ್ಕಿಬೀಳುತ್ತದೋ. ಪಾಲಮ್ಮ ಕುರಿಗಳನ್ನು ಎಬ್ಬಿಸಿಕೊಂಡು ಇಳಿಯತೊಡಗಿದ್ದಳು. ದೂರದಿಂದ ಅವಳು ಅವುಗಳನ್ನು ಬೈಯುವುದು ಕೇಳುತ್ತಿತ್ತು.

"ಚಂದ್ರಕಲಕ್ಕ ಈಗ ಅತ್ತೆಗೆ ಫೋನ್ ಮಾಡೇ ಮಾಡ್ತಾರೆ," ಎಂದಳು ಸ್ವಪ್ನಾ. "ಅವ್ರಿಂದ ಗೊತ್ತಾಗೋ ಮುಂಚೆ ನೀವೇ ಹೇಳ್ಬೇಕು."

"ರಾತ್ರಿ ಮನಿಗೆ ಹೋಗಿ ಹೇಳಿದ್ರಾಯ್ತು."

"ಈಗ. ನಿಮ್ಮ ದನೀಲೇ."

ಅವನು ಕಲ್ಲಿನ ಆಚೆಗೆ ಹೋದ. ಸ್ವಪ್ನಾಳೂ ಹಿಂದೆ ಬಂದಳು. ಫೋನು ಮೂರು ಸಲ ಹೊಡೆದುಕೊಂಡಿತು. ಎತ್ತಿದಾಗ ಹಿನ್ನೆಲೆಯಲ್ಲಿ ಮಿಷಿನ್ನಿನ ಸದ್ದು, ದ್ರಾಕ್ಷಾಯಣಮ್ಮ ಯಾರಿಗೋ ದಾರ ಸರಿಮಾಡಲು ಹೇಳುತ್ತಿದ್ದುದು.

"ಅವ್ವಾ," ಎಂದ. "ಒಂದು ಮಾತು ಹೇಳಬೇಕಿತ್ತು."

ಆ ಕಡೆ ಮಿಷಿನ್ನು ನಿಂತಿತು. ತಾಯಿಯ ದನಿ ಗಾಬರಿಯಿಂದ ಮೇಲೇರಿತು. "ಯಾರ್ರೀ ನೀವು? ನನ್ನ ಮಗನ ಫೋನು ನಿಮ್ಮ ಕೈಗೆ ಹೆಂಗ ಬಂತು? ಅವ ಎಲ್ಲದಾನ? ಚೆನ್ನಾಗದಾನಿಲ್ರಿ?"

ಸಿದ್ದರಾಮೇಶ ಹೆಂಡತಿಯ ಮುಖ ನೋಡಿದ. ಅವಳು ತುಟಿ ಕಚ್ಚಿಕೊಂಡು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಚೆನ್ನಾಗದೀನವ್ವಾ," ಎಂದ. "ನಾನ."